ಚಿಪ್ ಗಟ್ಟಿಯಿಲ್ಲ ಅನ್ನುವ ಮೊದಲು ವೋಲ್ಟ್ ನೋಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಹೊಸನಗರ ಕಡೆಯ ಓದುಗರೊಬ್ಬರ ಪತ್ರ ಬಂದಿತ್ತು. ತೋಟದ ನೀರಿನ ಟ್ಯಾಂಕಿಗೆ ಹಾಕಿಸಿದ ಕಂಟ್ರೋಲರ್ ಒಂದು ಮಳೆಗಾಲವನ್ನೂ ದಾಟಲಿಲ್ಲ ಅಂತ ಅವರ ದೂರು. ದುಡ್ಡು ಕೊಟ್ಟವರ ಸಿಟ್ಟು ನ್ಯಾಯವಾದದ್ದೇ. ಆದರೆ ಕೊನೆಯಲ್ಲಿ ಅವರು ಒಂದು ಮಾತು ಸೇರಿಸಿದ್ದರು. ಈಗಿನ ಚಿಪ್‌ಗಳೆಲ್ಲ 3.3 ವೋಲ್ಟಿನವು, ಅವಕ್ಕೆ ಗಟ್ಟಿತನ ಇಲ್ಲ, ಹಳೇ 5 ವೋಲ್ಟಿನ ಕಾಲವೇ ಚೆನ್ನಾಗಿತ್ತು ಅಂತ. ನನ್ನ ತಕರಾರು ಇರುವುದು ಈ ಮಾತಿಗೆ.

ನಾನು ತೀರ್ಥಹಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡವನು. ಮೊದಲು ರೇಡಿಯೋ, ಆಮೇಲೆ ಟಿವಿ. ಈಗ ಪಂಪಿನ ಮೊಬೈಲ್ ಸ್ಟಾರ್ಟರ್, ಅಡಿಕೆ ಡ್ರೈಯರಿನ ಕಂಟ್ರೋಲರ್, ಸೋಲಾರ್ ಬೇಲಿಯ ಪೆಟ್ಟಿಗೆ, ಹೀಗೆ ತೋಟದಲ್ಲಿ ಕೆಟ್ಟದ್ದೆಲ್ಲ ನನ್ನ ಮೇಜಿಗೆ ಬರುತ್ತದೆ. ತಂದವರೆಲ್ಲ ಹೇಳುವುದು ಒಂದೇ: "ಚಿಪ್ ಹೋಗಿದೆ ಮಾರಾಯ್ರೆ, ಈಗಿನ ಮಾಲೇ ಸರಿ ಇಲ್ಲ." ಬಿಚ್ಚಿ ನೋಡಿದರೆ ಮಾಲಿನ ತಪ್ಪು ಕಾಣುವುದು ಕಡಿಮೆ. ಜೋಡಿಸಿದವರ ಅವಸರ ಕಾಣುವುದೇ ಜಾಸ್ತಿ.

ಸಿಡಿಲಿನ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ನಮ್ಮಲ್ಲಿ ಬೋರ್ಡುಗಳು ಸಾಯುತ್ತವೆ. ಅದಕ್ಕೂ 3.3 ವೋಲ್ಟಿಗೂ ಸಂಬಂಧ ಇಲ್ಲ. ಸಿಡಿಲಿಗೆ 5 ವೋಲ್ಟಿನ ಚಿಪ್ಪೂ ಒಂದೇ, 3.3ರದ್ದೂ ಒಂದೇ. ಅರ್ಥಿಂಗ್ ಸರಿ ಮಾಡಿಸಿ, ಗುಡುಗಿದಾಗ ಪ್ಲಗ್ ಕೀಳಿ. ಅಷ್ಟೇ.

ಈಗ 5 ವೋಲ್ಟಿನ ಕಾಲಕ್ಕೆ ಬರೋಣ. ಈ 5 ಆಕಾಶದಿಂದ ಇಳಿದದ್ದೇನಲ್ಲ. 1960ರ ದಶಕದಲ್ಲಿ ಟಿಟಿಎಲ್ ಅನ್ನುವ ಜಾತಿಯ ಐಸಿಗಳು, ಅಂದರೆ ಚಿಪ್ಪುಗಳು, ಬಂದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 7400 ಸರಣಿಯನ್ನು ಡಿಪ್ಲೊಮಾ ಓದಿದವರೆಲ್ಲ ಬ್ರೆಡ್‌ಬೋರ್ಡಿನಲ್ಲಿ ಚುಚ್ಚಿಯೇ ಇರುತ್ತಾರೆ. ಅವಕ್ಕೆ 5 ವೋಲ್ಟ್ ಬೇಕಿತ್ತು, ಅದೇ ರೂಢಿಯಾಯಿತು. 1974ರ ಇಂಟೆಲ್ 8080 ಅನ್ನುವ ಪ್ರೊಸೆಸರ್ ಚಿಪ್ಪಿಗೆ ಒಂದಲ್ಲ, ಮೂರು ಸಪ್ಲೈ ಬೇಕಾಗಿತ್ತು: ಪ್ಲಸ್ 5, ಮೈನಸ್ 5, ಪ್ಲಸ್ 12. 1976ರಲ್ಲಿ 8085 ಬಂದಾಗ ಒಂದೇ 5 ವೋಲ್ಟಿನಲ್ಲಿ ಕೆಲಸ ಮುಗಿಯಿತು. 1980ರ 8051 ಅನ್ನುವ ಮೈಕ್ರೋಕಂಟ್ರೋಲರ್ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಕೂಡ ಅದೇ ದಾರಿ ಹಿಡಿಯಿತು. ಆ ಕಾಲಕ್ಕೆ ವೋಲ್ಟೇಜ್ ಕಡಿಮೆ ಮಾಡಿದ್ದನ್ನು ಯಾರೂ ಬೈಯಲಿಲ್ಲ. ಒಂದು ಸಪ್ಲೈ ಸಾಕಾಯಿತಲ್ಲ ಅಂತ ಖುಷಿಯೇ ಪಟ್ಟರು.

ಆಮೇಲೆ ಕಂಪ್ಯೂಟರಿನವರು 5ರಿಂದ ಇಳಿಯತೊಡಗಿದರು. 1993ರ ಮೊದಲ ಪೆಂಟಿಯಂ 5 ವೋಲ್ಟಿನದು, ಒಳ್ಳೇ ಬಿಸಿಯಾಗುತ್ತಿತ್ತು. ಮರುವರ್ಷದ ಪೆಂಟಿಯಂ 3.3ಕ್ಕೆ ಇಳಿಯಿತು. ಕಂಪ್ಯೂಟರಿನ ಮೆಮೊರಿಯ ಒಂದೊಂದು ತಲೆಮಾರು ನೋಡಿ: ಡಿಡಿಆರ್ 2.5, ಡಿಡಿಆರ್2 1.8, ಡಿಡಿಆರ್3 1.5, ಡಿಡಿಆರ್4 1.2, ಈಗಿನ ಡಿಡಿಆರ್5 1.1 ವೋಲ್ಟ್. ನಮ್ಮ ಸಣ್ಣ ಮೈಕ್ರೋಕಂಟ್ರೋಲರ್‌ಗಳು ಈ ಸಾಲಿನಲ್ಲಿ ಹಿಂದೆ ನಿಂತಿದ್ದವು. 2014ರ ಇಎಸ್‌ಪಿ8266, 2016ರ ಇಎಸ್‌ಪಿ32, 2021ರ ರಾಸ್‌ಬೆರಿ ಪೈ ಪೀಕೋ, ಹೀಗೆ 3.3 ವೋಲ್ಟಿನ ಅಗ್ಗದ ಚಿಪ್ಪು, ಬೋರ್ಡುಗಳು ಬಂದ ಮೇಲೆ ಹಳ್ಳಿಯ ಪಂಪ್‌ಹೌಸಿನವರೆಗೂ 3.3 ತಲುಪಿತು.

ಯಾಕೆ ಇಳಿಸಿದರು? ಜಿಪುಣತನಕ್ಕಲ್ಲ. ಚಿಪ್ಪಿನೊಳಗಿನ ಪ್ರತಿ ಟ್ರಾನ್ಸಿಸ್ಟರಿನ (ಕರೆಂಟಿನ ಪುಟ್ಟ ಸ್ವಿಚ್ಚು ಅನ್ನಿ) ಗೇಟಿಗೂ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಇರುತ್ತದೆ. ಟ್ರಾನ್ಸಿಸ್ಟರ್ ಚಿಕ್ಕದಾದ ಹಾಗೆ ಈ ಪದರವೂ ತೆಳುವಾಗಬೇಕು. ತೆಳು ಪದರದ ಮೇಲೆ 5 ವೋಲ್ಟ್ ಹಾಕಿದರೆ ತೂತು ಬೀಳುತ್ತದೆ. ಟ್ರಾನ್ಸಿಸ್ಟರಿನ ಅಳತೆ 0.35 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಇದ್ದ ಕಾಲಕ್ಕೆ 3.3 ವೋಲ್ಟ್, 0.25ಕ್ಕೆ 2.5, 0.18ಕ್ಕೆ 1.8 ಅಂತ ಇಳಿಯುತ್ತ ಬಂತು. ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಇದೆ. ಅಲ್ಲಿ 180 ನ್ಯಾನೋಮೀಟರಿನ, ಅಂದರೆ ಅದೇ 0.18 ಮೈಕ್ರಾನಿನ ಚಿಪ್ ಮಾಡುತ್ತಾರೆ. ಅದರ ಒಳಗೆ 1.8, ಹೊರಗಿನ ಪಿನ್ನಿಗೆ 3.3. ಪೀಕೋದ ಚಿಪ್ಪಿನೊಳಗಂತೂ ಓಡುವುದು ಬರೀ 1.1 ವೋಲ್ಟ್. ನಾವು 3.3 ಅನ್ನುವುದು ಬಾಗಿಲಿನ ಲೆಕ್ಕ, ಅಷ್ಟೇ.

ಇನ್ನೊಂದು ಕಾರಣ ಬ್ಯಾಟರಿ. ಇದನ್ನು ತೋಟದವರಿಗೆ ನಾನು ಟ್ಯಾಂಕಿನ ಲೆಕ್ಕದಲ್ಲೇ ಹೇಳುವುದು. ಚಿಪ್ ಒಂದೊಂದು ಸಲ ಟಿಕ್ ಅಂದಾಗಲೂ ಒಳಗೆ ಸಾವಿರಾರು ಪುಟ್ಟ ಟ್ಯಾಂಕುಗಳನ್ನು ತುಂಬಿ ಖಾಲಿ ಮಾಡುತ್ತದೆ. ವೋಲ್ಟೇಜ್ ಅಂದರೆ ನೀರು ತುಂಬುವ ಎತ್ತರ. ಟ್ಯಾಂಕನ್ನು ಎತ್ತರದವರೆಗೆ ತುಂಬಿಸಬೇಕು ಅಂದರೆ ನೀರೂ ಜಾಸ್ತಿ ಬೇಕು, ಅದನ್ನು ಜಾಸ್ತಿ ಎತ್ತರಕ್ಕೆ ಎತ್ತಲೂ ಬೇಕು. ಎರಡು ಕಡೆಯಿಂದ ಖರ್ಚು. ಹಾಗಾಗಿ ವೋಲ್ಟೇಜನ್ನು ಅದರಿಂದಲೇ ಗುಣಿಸಿ ಲೆಕ್ಕ ಹಾಕುತ್ತಾರೆ. 5ರಲ್ಲಿ 100 ರೂಪಾಯಿ ಖರ್ಚಾಗುವ ಕೆಲಸ, ಅದೇ ವೇಗದಲ್ಲಿ, 3.3ರಲ್ಲಿ ಸುಮಾರು 44 ರೂಪಾಯಿಗೆ ಮುಗಿಯುತ್ತದೆ. 1.8ರಲ್ಲಿ ಸುಮಾರು 13ಕ್ಕೆ.

ಮಲೆನಾಡಿನವರಿಗೆ ಈ ಉಳಿತಾಯ ಸಣ್ಣದಲ್ಲ. ಆರಿದ್ರಾ ಮಳೆ ಹಿಡಿದರೆ ಪುಷ್ಯ, ಆಶ್ಲೇಷದವರೆಗೂ ಸೂರ್ಯನ ಮುಖ ಕಾಣುವುದು ಅಪರೂಪ. ಆಗುಂಬೆ ಕಡೆಯವರನ್ನು ಕೇಳಿ, ಸೋಲಾರ್ ಪ್ಯಾನೆಲ್ಲಿನ ಮೇಲೆ ಪಾಚಿ ಬೆಳೆದಿರುತ್ತದೆ ಹೊರತು ಬ್ಯಾಟರಿ ಚಾರ್ಜ್ ಆಗಿರುವುದಿಲ್ಲ. ಅಂಥಾ ಕಡೆ ಹಳ್ಳದ ನೀರಿನ ಮಟ್ಟ ನೋಡಲು, ಮಳೆ ಅಳೆಯಲು ಒಂದು ಪೆಟ್ಟಿಗೆ ಇಡಬೇಕು ಅಂದರೆ ಅದು ಕಡಿಮೆ ಕರೆಂಟಿನಲ್ಲೇ ಬದುಕಬೇಕು. ಒಂದು ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಬರಿದಾಗುವಾಗ ಸುಮಾರು 3. ಇದರಿಂದ 5 ವೋಲ್ಟ್ ಮಾಡಬೇಕಾದರೆ ಏರಿಸುವ ಸರ್ಕ್ಯೂಟ್ ಬೇಕು, ಅಲ್ಲೂ ಒಂದಿಷ್ಟು ಸೋರಿಕೆ. 3.3ರ ಚಿಪ್ ಇದೇ ಸೆಲ್ಲಿನ ಅಳತೆಗೆ ಹೊಂದುತ್ತದೆ. 1.8ರವರೆಗೂ ಕೆಲಸ ಮಾಡುವ ಚಿಪ್ ಆದರೆ ಟಾರ್ಚಿನ ಎರಡು ಪೆನ್ಸಿಲ್ ಸೆಲ್ಲನ್ನು ಕೊನೆ ಹನಿಯವರೆಗೂ ಹಿಂಡುತ್ತದೆ.

ಆದರೆ ಇಲ್ಲೇ ಒಂದು ಕಿತಾಪತಿ ಇದೆ. ಮೊನ್ನೆ ಕೊಪ್ಪದ ಕಡೆಯ ಗೌಡರೊಬ್ಬರು ಒಂದು ಪೆಟ್ಟಿಗೆ ತಂದಿದ್ದರು. ಬ್ಯಾಟರಿ ಆರು ತಿಂಗಳು ಬರುತ್ತದೆ ಅಂತ ಹೇಳಿ ಮಾರಿದ್ದರಂತೆ. ತಿಂಗಳೂ ಬರುತ್ತಿರಲಿಲ್ಲ. ಬಿಚ್ಚಿದೆ. ಚಿಪ್ ತಪ್ಪದೆ ನಿದ್ದೆಗೆ ಹೋಗುತ್ತಿತ್ತು. ನಿದ್ದೆಯಲ್ಲಿ ಅದು ಎಳೆಯುವುದು ಸುಮಾರು 10 ಮೈಕ್ರೋಆಂಪ್, ಅಂದರೆ ಲೆಕ್ಕಕ್ಕೇ ಇಲ್ಲದಷ್ಟು. ಆದರೆ ಪಕ್ಕದಲ್ಲಿ ಬ್ಯಾಟರಿಯ ವೋಲ್ಟೇಜನ್ನು 3.3ಕ್ಕೆ ಇಳಿಸಿಕೊಡುವ ಎಎಂಎಸ್1117 ಅನ್ನುವ ಒಂದು ರೆಗ್ಯುಲೇಟರ್ ಕೂತಿತ್ತು. ಅಗ್ಗದ ಬೋರ್ಡುಗಳಲ್ಲಿ ಎಲ್ಲೆಲ್ಲೂ ಇರುವುದು ಇದೇ. ಚಿಪ್ ಮಲಗಿದರೂ ಇದು ಮಲಗುವುದಿಲ್ಲ, ಸುಮ್ನೆ ಕೂತು 5 ಮಿಲಿಆಂಪ್, ಅಂದರೆ 5,000 ಮೈಕ್ರೋಆಂಪ್ ತಿನ್ನುತ್ತದೆ. 2,000 ಮಿಲಿಆಂಪ್-ಅವರ್ ಸೆಲ್ಲಿಗೆ ಇದೊಂದೇ ಸಾಕು, 400 ಗಂಟೆಗೆ ಖಾಲಿ. ಹದಿನಾರು ಹದಿನೇಳು ದಿನ ಆಯಿತು. ಅದರ ಮೇಲೆ ಪವರ್ ಇದೆ ಅಂತ ತೋರಿಸಲು ಒಂದು ಕೆಂಪು ದೀಪ ಬೇರೆ, ಮುಚ್ಚಿದ ಪೆಟ್ಟಿಗೆಯೊಳಗೆ! ಯಾರಿಗೆ ತೋರಿಸಲಿಕ್ಕೆ?

ಇಷ್ಟೇ ಅಲ್ಲ. ಆ ರೆಗ್ಯುಲೇಟರಿಗೆ ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ 1 ವೋಲ್ಟಿಗೂ ಜಾಸ್ತಿ ಇರಬೇಕು. ಸೆಲ್ 3.7ಕ್ಕೆ ಇಳಿದಾಗ ಅದು 3.3 ಎಲ್ಲಿಂದ ಕೊಡುತ್ತದೆ? ಕೊಡುವುದು 3ಕ್ಕಿಂತ ಕಡಿಮೆ. ವೈಫೈ ಹಾಕಿದ ಕೂಡಲೇ ಚಿಪ್ ತಟಕ್ಕನೆ ಬಿದ್ದು ಮತ್ತೆ ಏಳುತ್ತದೆ. ಮತ್ತೆ ಬೀಳುತ್ತದೆ. ಬೀಳುತ್ತ ಏಳುತ್ತ ಉಳಿದ ಚಾರ್ಜನ್ನೂ ಮುಗಿಸುತ್ತದೆ. ಗೌಡರಿಗೆ ಇದು ಜೀವ ಇಲ್ಲದ ಚಿಪ್ಪಿನ ಹಾಗೆ ಕಂಡಿತ್ತು. ನಾನು ರೆಗ್ಯುಲೇಟರ್ ತೆಗೆದು ಎರಡೇ ಮೈಕ್ರೋಆಂಪಿನೊಳಗೆ ಬದುಕುವ, ಕಡಿಮೆ ಅಂತರದಲ್ಲೂ ಕೆಲಸ ಮಾಡುವ ಜಾತಿಯದ್ದನ್ನು ಹಾಕಿದೆ. ಅದಕ್ಕೆ ಕರೆಂಟು ಕೊಡುವ ಶಕ್ತಿ ಸ್ವಲ್ಪ ಕಡಿಮೆ, ಹಾಗಾಗಿ ವೈಫೈ ಎಳೆಯುವ ಹೊತ್ತಿಗೆ ಅಂತ ಪಕ್ಕದಲ್ಲಿ ಚಾರ್ಜ್ ಕೂಡಿಟ್ಟು ಬೇಕಾದಾಗ ಕೊಡುವ ಒಂದು ದೊಡ್ಡ ಕೆಪಾಸಿಟರ್ ಇಟ್ಟೆ. ಕೆಂಪು ದೀಪ ಕಿತ್ತೆ. ಚಿಪ್ ಅದೇ.

ಇನ್ನು ಹೊಸನಗರದ ಓದುಗರ ಟ್ಯಾಂಕ್ ಕಂಟ್ರೋಲರ್. ಅವರದ್ದನ್ನು ನಾನು ನೋಡಿಲ್ಲ, ಆದರೆ ಅಂಥವು ನನ್ನಲ್ಲಿಗೆ ಬೇಕಾದಷ್ಟು ಬಂದಿವೆ. ಟ್ಯಾಂಕಿನ ಮುಚ್ಚಳಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿರುತ್ತಾರೆ. ನೀರಿನ ಮೇಲೆ ಶಬ್ದ ಬಿಟ್ಟು, ವಾಪಸ್ ಬರುವ ಹೊತ್ತು ನೋಡಿ ಮಟ್ಟ ಹೇಳುವಂಥದ್ದು. ಎಚ್‌ಸಿ-ಎಸ್‌ಆರ್04 ಅಂತ ಹೆಸರು, ಹುಡುಗರ ಪ್ರಾಜೆಕ್ಟಿಗೆಲ್ಲ ಇದೇ ಗತಿ. ಇದು 5 ವೋಲ್ಟಿನದು. ಎಕೋ ಅನ್ನುವ ಪಿನ್ನಿನಿಂದ ವಾಪಸ್ ಕೊಡುವ ಸಿಗ್ನಲ್ ಕೂಡ 5 ವೋಲ್ಟ್. ಆ ತಂತಿಯನ್ನು ನೇರವಾಗಿ ಇಎಸ್‌ಪಿ32ರ ಪಿನ್ನಿಗೆ ಸಿಕ್ಕಿಸಿರುತ್ತಾರೆ. ಆ ಪಿನ್ ತಡೆದುಕೊಳ್ಳುವುದು 3.6 ವೋಲ್ಟಿನವರೆಗೆ. ಮೇಲೆ ಹೋದದ್ದು ಒಳಗಿನ ಪುಟ್ಟ ರಕ್ಷಣಾ ಡಯೋಡಿನ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ ಸಪ್ಲೈ ಕಡೆಗೆ ನುಗ್ಗುತ್ತದೆ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಎಲ್ಲ ಸರಿಯಾಗಿಯೇ ಇರುತ್ತದೆ. ವೀಡಿಯೋ ಮಾಡಿ ಕಳಿಸಿಯೂ ಆಗಿರುತ್ತದೆ. ಹಗಲೂ ರಾತ್ರಿ ಹಾಗೇ ಓಡಿ ಓಡಿ ಒಂದು ದಿನ ಆ ಪಿನ್ ಸತ್ತುಹೋಗುತ್ತದೆ. ಮೀಟರ್ ಹಿಡಿದು ಪಿನ್ನಿಗೂ ಗ್ರೌಂಡಿಗೂ ನೋಡಿದರೆ ಬೀಪ್ ಅನ್ನುತ್ತದೆ, ಪೂರ್ತಿ ಶಾರ್ಟ್. ಬೋರ್ಡಿನ ಬೇರೆ ಪಿನ್ನುಗಳೆಲ್ಲ ಚೆನ್ನಾಗಿಯೇ ಇರುತ್ತವೆ.

ಇದಕ್ಕೆ ಬೇಕಿದ್ದದ್ದು ಕರೆಂಟಿಗೆ ತಡೆ ಒಡ್ಡುವ ಎರಡು ರೆಸಿಸ್ಟರ್. ಎಕೋ ಪಿನ್ನಿನಿಂದ 1 ಕೆ (1,000 ಓಮ್), ಅಲ್ಲಿಂದ ಗ್ರೌಂಡಿಗೆ 2 ಕೆ, ನಡುವಿನಿಂದ ಚಿಪ್ಪಿಗೆ ತಂತಿ. 5 ವೋಲ್ಟ್ 3.3 ಆಗುತ್ತದೆ. 2 ಕೆ ಸಿಗದಿದ್ದರೆ 1 ಕೆ ಎರಡನ್ನು ಸಾಲಾಗಿ ಬೆಸೆಯಿರಿ. ಅಂಗಡಿಯಲ್ಲಿ ಒಂದೆರಡು ರೂಪಾಯಿಯ ಮಾಲು. ಸಾವಿರಾರು ರೂಪಾಯಿ ತೆಗೆದುಕೊಂಡು ಪೆಟ್ಟಿಗೆ ಕೂರಿಸುವವರು ಇಷ್ಟು ಹಾಕಲಿಲ್ಲ ಅಂದರೆ ಏನು ಹೇಳುವುದು?

ಇದರ ಉಲ್ಟಾ ತೊಂದರೆಯೂ ಇದೆ, ಅಲ್ಲಿ ಏನೂ ಸುಡುವುದಿಲ್ಲ, ಆಟ ಆಡಿಸುತ್ತದೆ. ಗಣಪತಿ ಪೆಂಡಾಲಿಗೆ ಹುಡುಗರು ಬಣ್ಣ ಬದಲಾಯಿಸುವ ಎಲ್‌ಇಡಿ ಪಟ್ಟಿ ಹಾಕುತ್ತಾರಲ್ಲ, ಡಬ್ಲ್ಯೂಎಸ್2812 ಅನ್ನುವ ಜಾತಿ. ಅದು 5 ವೋಲ್ಟಿನದು. ಸಿಗ್ನಲ್ 'ಇದೆ' ಅಂತ ಅದು ಒಪ್ಪಬೇಕಾದರೆ ಸಪ್ಲೈಯ ಹತ್ತರಲ್ಲಿ ಏಳು ಪಾಲು ಬರಬೇಕು, ಅಂದರೆ 3.5 ವೋಲ್ಟ್. ನಮ್ಮ ಚಿಪ್ ಕೊಡುವುದು 3.3. ಮನೆಯಲ್ಲಿ ಗಿಡ್ಡ ತಂತಿಯಲ್ಲಿ ಹೇಗೋ ನಡೆಯುತ್ತದೆ. ಪೆಂಡಾಲಿಗೆ ಉದ್ದ ತಂತಿ ಎಳೆದ ಮೇಲೆ ಗಣಪತಿಯ ಕಿರೀಟ ಹಸಿರಾಗಬೇಕಾದಾಗ ನೇರಳೆ. ಹುಡುಗರು ರಾತ್ರಿಯಿಡೀ ಕೋಡು ತಿದ್ದುತ್ತ ಕೂರುತ್ತಾರೆ. ಕೋಡಿನಲ್ಲಿ ಏನೂ ತಪ್ಪಿರುವುದಿಲ್ಲ. ನಡುವೆ 5 ವೋಲ್ಟಿನಲ್ಲಿ ನಡೆಯುವ ಒಂದು 74ಎಚ್‌ಸಿಟಿ125 ಐಸಿ ಹಾಕಿದರೆ ಮುಗಿಯಿತು. ಅದು ಹಳೇ ಟಿಟಿಎಲ್ ಪದ್ಧತಿಯಂತೆ 2 ವೋಲ್ಟನ್ನೇ 'ಇದೆ' ಅಂತ ಒಪ್ಪಿಕೊಂಡು ಆ ಕಡೆಗೆ ಪೂರ್ತಿ 5 ಕೊಡುತ್ತದೆ.

ಮೊಬೈಲ್ ಸ್ಟಾರ್ಟರಿನದು ಇನ್ನೂ ತಮಾಷೆ. ಸಿಮ್ ಹಾಕುವ ಸಿಮ್800ಎಲ್ ಮಾಡ್ಯೂಲಿಗೆ ಬೇಕಾದದ್ದು 3.4ರಿಂದ 4.4 ವೋಲ್ಟ್. 5 ಕೊಟ್ಟರೆ ಜಾಸ್ತಿ, 3.3 ಕೊಟ್ಟರೆ ಕಡಿಮೆ. ಟವರಿನ ಜೊತೆ ಮಾತಾಡುವಾಗ ಕ್ಷಣಮಾತ್ರಕ್ಕೆ 2 ಆಂಪ್‌ವರೆಗೂ ಎಳೆಯುತ್ತದೆ. ನಮ್ಮ ಕಣಿವೆಗಳಲ್ಲಿ ಟವರ್ ದೂರ, ಹಾಗಾಗಿ ಮಾಡ್ಯೂಲ್ ಜೋರಾಗಿಯೇ ಕೂಗಬೇಕು. ಸಪ್ಲೈ ತೆಳುವಾಗಿದ್ದರೆ ಅಲ್ಲೇ ಕುಸಿಯುತ್ತದೆ. ರೈತರು ಸಿಮ್ ಕಂಪನಿಯವರನ್ನು ಬೈಯುತ್ತ ಸಿಮ್ ಬದಲಿಸುತ್ತಾರೆ. ಒಂದು ಲಿಥಿಯಂ ಸೆಲ್ಲು, ಜೊತೆಗೆ ದಪ್ಪನೆಯ ಕೆಪಾಸಿಟರ್ ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಹೊಸನಗರದ ಓದುಗರ ಮಾತಿನಲ್ಲಿ ನಿಜ ಇರುವ ಒಂದು ಜಾಗ ಇದೆ, ಅದನ್ನೂ ಹೇಳಬೇಕು. ವೋಲ್ಟೇಜ್ ಕಡಿಮೆಯಾದಷ್ಟೂ ಗಲಾಟೆ (ತಂತಿಯಲ್ಲಿ ನುಸುಳುವ ಬೇಡದ ವೋಲ್ಟೇಜ್) ತಡೆದುಕೊಳ್ಳುವ ಜಾಗವೂ ಕಡಿಮೆಯಾಗುತ್ತದೆ. ಸೊನ್ನೆ, ಅಂದರೆ ಸಿಗ್ನಲ್ 'ಇಲ್ಲ' ಅಂತ ಚಿಪ್ ಒಪ್ಪಿಕೊಳ್ಳುವ ಗಡಿ ಸಾಮಾನ್ಯವಾಗಿ ಸಪ್ಲೈಯ ಹತ್ತರಲ್ಲಿ ಮೂರು ಪಾಲು. 5ರಲ್ಲಿ ಅದು 1.5 ವೋಲ್ಟ್, 3.3ರಲ್ಲಿ ಸುಮಾರು 1. ಪಂಪ್‌ಹೌಸಿನಲ್ಲಿ ಕಾಂಟ್ಯಾಕ್ಟರ್ (ಮೋಟಾರಿನ ದೊಡ್ಡ ಸ್ವಿಚ್ಚು) ಟಪ್ ಅಂತ ಬಿಟ್ಟಾಗ ಪಕ್ಕದ ತಂತಿಯಲ್ಲಿ ಅಷ್ಟು ಹುಟ್ಟುವುದು ದೊಡ್ಡ ವಿಷಯವೇ ಅಲ್ಲ. ಅದಕ್ಕೇ ವಾಷಿಂಗ್ ಮಷಿನ್, ವಾಹನಗಳಂಥ ಕಡೆ 5 ವೋಲ್ಟಿನ ಚಿಪ್ ಇನ್ನೂ ಉಳಿದಿದೆ. ಹುಡುಗರು ಕಲಿಯಲು ಬಳಸುವ ಬೋರ್ಡು, 2010ರ ಆರ್ಡುವಿನೋ ಊನೋ 5 ವೋಲ್ಟಿನದು, 2023ರಲ್ಲಿ ಬಂದ ಊನೋ ಆರ್4 ಕೂಡ 5ರಲ್ಲೇ ಇದೆ. ಹಳೆಯದ್ದಕ್ಕೆ ಜೋಡಿಸುವವರಿಗೆ ಅನುಕೂಲ ಆಗಲಿ ಅಂತ ಉಳಿಸಿಕೊಂಡಿದ್ದಾರೆ.

ಆದರೆ ತೋಟದ ಉದ್ದ ತಂತಿಗೆ 5 ವೋಲ್ಟ್ ಕೂಡ ಔಷಧಿ ಅಲ್ಲ. ಲೆಕ್ಕ ಹಾಕಿ. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿ 100 ಮೀಟರ್ ದೂರಕ್ಕೆ ಎಳೆದರೆ, ಹೋಗಿ ಬರುವ ದಾರಿ ಸೇರಿ ಹತ್ತಿರ ಹತ್ತಿರ 7 ಓಮ್. 100 ಮಿಲಿಆಂಪ್ ಹರಿದರೆ 0.7 ವೋಲ್ಟ್ ದಾರಿಯಲ್ಲೇ ಹೋಯಿತು. 3.3 ಕಳಿಸಿದರೆ ಆ ತುದಿಗೆ ಸಿಗುವುದು 2.6. 12 ಕಳಿಸಿದರೆ 11.3 ಸಿಗುತ್ತದೆ. ಅಲ್ಲಿ ಪುಟ್ಟ ಬಕ್ ಕನ್ವರ್ಟರ್ ಇಟ್ಟು ಬೇಕಾದಷ್ಟಕ್ಕೆ ಇಳಿಸಿಕೊಳ್ಳಿ. ಸಿಗ್ನಲ್ ದೂರ ಹೋಗಬೇಕಾದರೆ ಆರ್‌ಎಸ್-485 ಇದೆ. ಎರಡು ತಂತಿಗಳ ನಡುವಿನ ವ್ಯತ್ಯಾಸ ನೋಡುವ ಪದ್ಧತಿ, ನಿಧಾನ ವೇಗದಲ್ಲಿ 1,200 ಮೀಟರಿನವರೆಗೂ ಹೋಗುತ್ತದೆ. ಸ್ಟಾರ್ಟರ್ ಪ್ಯಾನೆಲ್ಲಿನ ಕಡೆಯಿಂದ ಬರುವ ತಂತಿಗೆ ಆಪ್ಟೋಕಪ್ಲರ್ ಹಾಕಿ, ಅದು ತಂತಿಗೆ ತಂತಿ ಮುಟ್ಟಿಸದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುತ್ತದೆ. ಚಿಪ್ ಎಷ್ಟು ವೋಲ್ಟಿನದು ಅನ್ನುವುದು ಆಮೇಲೆ ಚಿಂತೆಯೇ ಅಲ್ಲ.

ಇದೆಲ್ಲ ಗುಟ್ಟಿನ ವಿದ್ಯೆ ಏನಲ್ಲ, ಪ್ರತಿ ಚಿಪ್ಪಿನ ಡೇಟಾಶೀಟಿನಲ್ಲಿ, ಅಂದರೆ ಚಿಪ್ ಮಾಡಿದವರು ಕೊಡುವ ವಿವರಪಟ್ಟಿಯಲ್ಲಿ ಬರೆದಿರುತ್ತದೆ. ಹಾಗಾದರೆ ಯಾಕೆ ತಪ್ಪುತ್ತದೆ? ರಜೆಯಲ್ಲಿ ನನ್ನ ಅಂಗಡಿಗೆ ಕಲಿಯಲು ಬರುವ ಹುಡುಗ ಹುಡುಗಿಯರನ್ನು ನೋಡಿ ಅನ್ನಿಸುವುದು ಇಷ್ಟು. ಅವರ ಲ್ಯಾಬಿನಲ್ಲಿ ಇರುವುದು 5 ವೋಲ್ಟಿನ ಕಿಟ್ಟು, 5 ವೋಲ್ಟಿನ ಸೆನ್ಸರ್, 5 ವೋಲ್ಟಿನ ಎಲ್‌ಸಿಡಿ. ಎಲ್ಲವೂ ಒಂದೇ ವೋಲ್ಟಿನವು, ಹಾಗಾಗಿ ಪ್ರಶ್ನೆಯೇ ಏಳುವುದಿಲ್ಲ. ಪ್ರಾಜೆಕ್ಟಿಗೆ ಆನ್‌ಲೈನಿನಲ್ಲಿ ತರಿಸುವುದು ಮಾತ್ರ 3.3ರ ಬೋರ್ಡು. 8051 ಕಲಿಸುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಅದರಷ್ಟು ಸ್ಪಷ್ಟವಾಗಿ ರಿಜಿಸ್ಟರ್, ಪೋರ್ಟ್ ಅರ್ಥಮಾಡಿಸುವ ಚಿಪ್ ಕಡಿಮೆ. ಆದರೆ ಅದೇ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ 5ರದ್ದನ್ನೂ 3.3ರದ್ದನ್ನೂ ಜೋಡಿಸುವ ಪ್ರಯೋಗ ಇಡಬಹುದಲ್ವಾ? ನಿದ್ದೆಯಲ್ಲಿರುವ ಬೋರ್ಡು ಎಷ್ಟು ಕರೆಂಟು ಎಳೆಯುತ್ತದೆ ಅಂತ ಮೀಟರಿನಲ್ಲಿ ಅಳೆಸಬಹುದಲ್ವಾ? ಅದಕ್ಕೆ ಹೊಸ ಕಟ್ಟಡವೂ ಬೇಡ, ಉದ್ಘಾಟನೆಯೂ ಬೇಡ.

ತೋಟದವರಿಗೆ ನಾನು ಹೇಳುವುದು ಬೇರೆ. ಪೆಟ್ಟಿಗೆ ಹಾಕಿಸುವ ಮೊದಲು ಒಂದು ಚೀಟಿ ಕೇಳಿ. ಸಪ್ಲೈ ಎಷ್ಟು ವೋಲ್ಟ್, ಸೆನ್ಸರಿನಿಂದ ಬರುವ ಸಿಗ್ನಲ್ ಎಷ್ಟು ವೋಲ್ಟ್, ಚಿಪ್ಪಿನ ಪಿನ್ ಎಷ್ಟು ತಡೆಯುತ್ತದೆ, ಮಲಗಿದಾಗ ಎಷ್ಟು ಕರೆಂಟು. ಕನ್ನಡದಲ್ಲೇ ಬರೆದುಕೊಡಲಿ. ಕೊಡಲು ತಡವರಿಸಿದರೆ ಆ ಪೆಟ್ಟಿಗೆ ಬೇಡ. ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಆ ಚೀಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ. ಮುಂದೆ ರಿಪೇರಿಗೆ ಕೂರುವ ನಮ್ಮಂಥವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ನಿಮ್ಮ ಕೃಷಿ ಪುಟದಲ್ಲಿ ಹೊಸ ಯಂತ್ರ, ಹೊಸ ಸೆನ್ಸರಿನ ಬಗ್ಗೆ ಆಗಾಗ ಬರುತ್ತದೆ. ಫೋಟೋ, ಬೆಲೆ, ಮಾಡಿದವರ ಫೋನ್ ನಂಬರ್ ಎಲ್ಲ ಇರುತ್ತದೆ. ಅದರ ಕೆಳಗೆ ಮೇಲಿನ ನಾಲ್ಕು ಪ್ರಶ್ನೆಗೆ ಉತ್ತರವನ್ನೂ ಕೇಳಿ ಹಾಕಿ. ಎರಡು ಸಾಲಿನ ಜಾಗ ಸಾಕು.

ಇಂತಿ,
ರಿಪೇರಿ ಅಂಗಡಿಯ ಓದುಗ,
ತೀರ್ಥಹಳ್ಳಿ